ಚಂದ್ರನವರೆಗೆ ಒಂದು ಪಟ್ಟಿ

ಕೊಟ್ಟಷ್ಟನ್ನೇ ತಿರುಗಿ ಕೊಡುವ ಯಂತ್ರ ಎಂದರೆ ನಮ್ಮ ಜನ ಮೊದಲು ನಗುತ್ತಾರೆ. ಹಂಗಾದ್ರ ಅದರಾಗ ಲಾಭ ಏನ್ರಿ ಬಾಯಾರ, ಎಂದು ನನ್ನನ್ನೇ ಕೇಳುತ್ತಾರೆ. ಧಾರವಾಡದ ಪುನಶ್ಚೇತನ ಕೇಂದ್ರವೊಂದರಲ್ಲಿ ಮುರಿದ ಕಾಲು, ಹರಿದ ಸ್ನಾಯು, ಸೋತ ಸೊಂಟಗಳ ಜೊತೆ ಗುದ್ದಾಡುತ್ತಲೇ ಕೂದಲು ಬೆಳ್ಳಗೆ ಮಾಡಿಕೊಂಡ ನನಗೆ, ಅಂದರೆ ಫಿಸಿಯೋಥೆರಪಿಸ್ಟ್ ಪ್ರಭಾವತಿ ಹಾವನೂರಳಿಗೆ, ಈ ಪ್ರಶ್ನೆಗೆ ಉತ್ತರ ಕೊಟ್ಟು ಕೊಟ್ಟು ಬಾಯಿ ಸೋತಿದೆ. ಅದಕ್ಕೇ ಈಗ ಬರೆದೇ ಬಿಡುತ್ತಿದ್ದೇನೆ. ಓದಿದವರು ಮತ್ತೆ ಕೇಳಬಾರದು.

ಯಂತ್ರ ಎಂದರೆ ಅಂಥ ದೊಡ್ಡದೇನಲ್ಲ. ಕಾಲಡಿಗೆ ಒಂದು ಹಲಗೆ, ಹಲಗೆಯ ಕೆಳಗೆ ಭಾರವಾದ ಒಂದು ಚಕ್ರ, ಚಕ್ರದ ಅಚ್ಚಿಗೆ ಸುತ್ತಿದ ಒಂದು ಪಟ್ಟಿ. ಪಟ್ಟಿಯ ತುದಿ ನಿಮ್ಮ ಸೊಂಟದ ಬೆಲ್ಟಿಗೆ. ಬಸ್ಕಿ ಹೊಡೆಯುವವರ ಹಾಗೆ ಕುಕ್ಕರಿಸಿ ಮೇಲೆದ್ದರೆ ಪಟ್ಟಿ ಬಿಚ್ಚಿಕೊಂಡು ಚಕ್ರ ತಿರುಗತೊಡಗುತ್ತದೆ. ನೀವು ನೆಟ್ಟಗೆ ನಿಲ್ಲುವ ಹೊತ್ತಿಗೆ ಪಟ್ಟಿ ಮುಗಿದಿರುತ್ತದೆ. ಆದರೆ ಚಕ್ರ ನಿಲ್ಲುವುದಿಲ್ಲ. ತಿರುಗಿದ ರಭಸದಲ್ಲೇ ಪಟ್ಟಿಯನ್ನು ಮತ್ತೆ ಸುತ್ತಿಕೊಳ್ಳುತ್ತದೆ, ನಿಮ್ಮನ್ನು ಕೆಳಕ್ಕೆ ಜಗ್ಗುತ್ತದೆ. ಆ ಜಗ್ಗನ್ನು ತಡೆಯುತ್ತ ನಿಧಾನವಾಗಿ ಇಳಿಯಬೇಕು.

ಲಾಭ ಇರುವುದು ಈ ತಡೆಯುವುದರಲ್ಲಿ. ತುಂಬಿದ ಕೊಡವನ್ನು ತುಳುಕದಂತೆ ನಿಧಾನ ಕೆಳಗಿಳಿಸುವಾಗ ತೋಳು ನಡುಗುತ್ತದಲ್ಲ, ಸ್ನಾಯು ಗಟ್ಟಿಯಾಗುವುದು ಅಲ್ಲಿಯೇ. ಓಟಗಾರರು, ಕಬಡ್ಡಿ ಆಡುವ ಹುಡುಗಿಯರು, ಮೊಣಕಾಲಿನ ಆಪರೇಶನ್ ಆದವರು ಎಲ್ಲರೂ ನಮ್ಮಲ್ಲಿ ಇದರ ಮೇಲೆ ಬೆವರು ಹರಿಸುತ್ತಾರೆ. ಜೋರಾಗಿ ಎದ್ದರೆ ಜೋರಾಗಿ ಜಗ್ಗುತ್ತದೆ, ಮೆಲ್ಲಗೆ ಎದ್ದರೆ ಮೆಲ್ಲಗೆ. ಕಬ್ಬಿಣದ ಗುಂಡು ಬೇಡ, ಭೂಮಿಯ ಸೆಳೆತವೂ ಬೇಡ. ಆದ್ದರಿಂದಲೇ ಅದು ಚಂದ್ರನ ಮೇಲಿನ ನೆಲೆಗೂ ಹೋಯಿತು. ಅಲ್ಲಿ ಭಾರ ಎತ್ತುವುದೆಂದರೆ ತಮಾಷೆ, ಎಲ್ಲವೂ ಆರರಲ್ಲಿ ಒಂದು ಪಾಲು ಮಾತ್ರ ತೂಗುತ್ತದೆ. ಚಕ್ರ ತಿರುಗಿಸುವ ಕಷ್ಟ ಮಾತ್ರ ಧಾರವಾಡದಲ್ಲೂ ಅಷ್ಟೇ, ಚಂದ್ರನಲ್ಲೂ ಅಷ್ಟೇ.

ಆದರೆ ಅಲ್ಲಿ ಒಂದು ತಾಪತ್ರಯ ಶುರುವಾಯಿತು. ನೆಲೆಯಲ್ಲಿದ್ದವರು ವಾರದಿಂದ ವಾರಕ್ಕೆ ಚಕ್ರಕ್ಕೆ ಕೊಡುವ ಬಲವನ್ನು ತಮಗೇ ಗೊತ್ತಿಲ್ಲದಂತೆ ಕಡಿಮೆ ಮಾಡುತ್ತ ಬಂದರು. ಸೋಮಾರಿಗಳೆಂದಲ್ಲ. ಮುಚ್ಚಿದ ಕೋಣೆ, ಅದೇ ಬೂದುಬಣ್ಣದ ಕಿಟಕಿ, ಮನಸ್ಸು ಸೋತ ದಿನ ಕಾಲೂ ಸೋಲುತ್ತದೆ. ಚಕ್ರ ಬೈಯುವುದಿಲ್ಲ, ಕೊಟ್ಟಷ್ಟು ತಿರುಗಿ ಕೊಟ್ಟು ಸುಮ್ಮನಾಗುತ್ತದೆ. ಆಗ ನಿಯಂತ್ರಣ ಕೇಂದ್ರದ ನಾಗಭೂಷಣ ಎಂಬ ಎಂಜಿನಿಯರನಿಗೆ ಒಂದು ವಿಚಾರ ಹೊಳೆಯಿತು. ಒಬ್ಬರ ಎಳೆತವನ್ನು ಅವರಿಗೇ ತಿರುಗಿ ಕೊಡುವ ಬದಲು ಇನ್ನೊಬ್ಬರಿಗೆ ಕೊಟ್ಟರೆ ಹೇಗೆ?

ಹೀಗೆ ಹುಟ್ಟಿದ್ದು ಜೋಡಿ ಚಕ್ರ. ಒಂದು ಚಂದ್ರನ ಮೇಲೆ, ಒಂದು ಭೂಮಿಯ ಮೇಲೆ. ಅಲ್ಲಿ ಒಬ್ಬರು ಎದ್ದರೆ ಅವರ ಎಳೆತದ ಅಳತೆ ರೇಡಿಯೋ ಮೂಲಕ ಇಲ್ಲಿಗೆ ಬರುತ್ತದೆ, ಇಲ್ಲಿಯ ಚಕ್ರಕ್ಕಿರುವ ಪುಟ್ಟ ಮೋಟಾರು ಅಷ್ಟೇ ಬಲದಿಂದ ನಮ್ಮವರನ್ನು ಕೆಳಕ್ಕೆ ಜಗ್ಗುತ್ತದೆ. ಆಮೇಲೆ ಇವರ ಸರದಿ, ಇವರ ಎಳೆತ ಅಲ್ಲಿಗೆ. ಸಂದೇಶ ಮುಟ್ಟಲು ಒಂದು ಗಳಿಗೆ, ಅಂದರೆ ಒಂದೆರಡು ಸೆಕೆಂಡು, ತಡವಾಗುತ್ತದೆ; ಸರದಿಯ ಮೇಲೆ ಎಳೆಯುವುದರಿಂದ ಅದು ತೊಂದರೆ ಕೊಡುವುದಿಲ್ಲ. ಪಟ್ಟಿಯ ಆಚೆ ತುದಿಗೆ ಒಂದು ಜೀವ ಇದೆ ಎಂದು ಗೊತ್ತಾದ ಕೂಡಲೇ ಜನ ಬದಲಾದರು. ಚಂದ್ರನಲ್ಲಿದ್ದ ರಷ್ಯಾದವನೂ ಕೊಚ್ಚಿಯ ಫುಟ್‌ಬಾಲ್ ಆಟಗಾರನೂ ಹಟಕ್ಕೆ ಬಿದ್ದು ಒಬ್ಬರನ್ನೊಬ್ಬರು ನೆಲ ಮುಟ್ಟಿಸುವುದರಲ್ಲೇ ತಾಕತ್ತು ಬೆಳೆಸಿಕೊಂಡರು.

ನಮ್ಮ ಕೇಂದ್ರದ ಪಾಲಿಗೆ ಬಂದವಳು ಕುಮುದಿನಿ ಗೌಂಡಿ. ಗುಳೇದಗುಡ್ಡದವಳು, ಕಲ್ಲುಗಳ ವಿಜ್ಞಾನಿ, ಚಂದ್ರನ ಕಲ್ಲು ಒಡೆದು ಓದಲು ಹೋದವಳು. ಐದು ವರ್ಷದ ಮಗಳನ್ನು ಅವ್ವನ ಹತ್ತಿರ ಬಿಟ್ಟು ಹೋಗಿದ್ದಳು. ಅವಳ ಕಾಲಿನ ಬಲಕ್ಕೆ ಸರಿಹೊಂದುವ ಜೋಡಿ ನನ್ನ ರೋಗಿಗಳಲ್ಲಿ ಯಾರೆಂದು ಹುಡುಕಿದಾಗ ಸಿಕ್ಕವರು ಹೊಸಯಲ್ಲಾಪುರದ ಮೌಲಾಸಾಬ ನದಾಫ. ಒಂದು ಕಾಲದ ಹೆಸರಾಂತ ಪೈಲ್ವಾನರು, ಆಮೇಲೆ ಗರಡಿಯ ಉಸ್ತಾದರು, ಅರವತ್ತು ದಾಟಿದವರು. ಬ್ಯಾಂಕಿನ ಮೆಟ್ಟಿಲಲ್ಲಿ ಕಾಲು ಜಾರಿ ಮೊಣಕಾಲಿನ ಚಿಪ್ಪಿನ ಮೇಲಿನ ಸ್ನಾಯುಬಂಧ ಹರಿದು, ಹೊಲಿಸಿಕೊಂಡು ನನ್ನಲ್ಲಿಗೆ ಬಂದಿದ್ದರು. ಜೀವಮಾನದಲ್ಲಿ ಕಣದೊಳಗೆ ಬೆನ್ನು ನೆಲಕ್ಕೆ ಮುಟ್ಟಿಸದ ತನ್ನನ್ನು ಬ್ಯಾಂಕಿನ ಪಾವಟಿಗೆ ಬೀಳಿಸಿತಲ್ಲ ಎಂಬ ಸಂಕಟ ನೋವಿಗಿಂತ ದೊಡ್ಡದಾಗಿತ್ತು. ಅವರಿಗೆ ಬೇಕಾಗಿದ್ದದ್ದು ಇಷ್ಟೇ: ನೆಲದ ಮೇಲೆ ಕುಳಿತು, ಯಾರ ಹಂಗೂ ಇಲ್ಲದೆ ಏಳಬೇಕು. ಕುರ್ಚಿಯ ಮೇಲೆ ಕುಳಿತು ನಮಾಜು ಮಾಡುವುದು ಅವರಿಗೆ ಒಗ್ಗಿರಲಿಲ್ಲ.

ಮೊದಲ ದಿನ ಅವರು ಚಕ್ರದ ಕೋಣೆಗೆ ಬಂದದ್ದು ನೋಡಬೇಕಿತ್ತು. ಚಪ್ಪಲಿ ಹೊರಗೆ ಬಿಟ್ಟು, ಬಲಗಾಲು ಮೊದಲಿಟ್ಟು, ಹಲಗೆ ಮುಟ್ಟಿ ಹಣೆಗೆ ಒತ್ತಿಕೊಂಡರು. ಇದು ಗರಡಿಯ ಮಣ್ಣಲ್ಲ, ಕಾರ್ಖಾನೆಯಿಂದ ಬಂದ ಅಲ್ಯೂಮಿನಿಯಂ ಎಂದು ನಾನು ಕಾಲೆಳೆದೆ. ಬೆವರು ಬೀಳುವ ಜಾಗ ಎಲ್ಲವೂ ಒಂದೇ ಎಂದು ಅವರು ತಮ್ಮ ಪಾಡಿಗೆ ಬೆಲ್ಟು ಬಿಗಿದುಕೊಂಡರು. ಎಳೆಯುವಾಗ ಮಾತು ಬೇಡ ಎಂಬುದು ನನ್ನ ನಿಯಮ, ಆದರೆ ಮೊದಲೂ ಕೊನೆಗೂ ನಾಲ್ಕು ಮಾತು ಆಡಿಕೊಳ್ಳಲಿ ಎಂದು ಬಿಟ್ಟಿದ್ದೆ. ಪರದೆಯ ಮೇಲೆ, ಚಂದ್ರನ ಕಡಿಮೆ ಸೆಳೆತಕ್ಕೆ ಊದಿಕೊಂಡ ಕುಮುದಿನಿಯ ಮುಖ ಮೂಡುತ್ತಿತ್ತು. ಇವರು ಅವಳ ಊಟ, ನಿದ್ದೆ, ಮಗಳ ಸುದ್ದಿ ಕೇಳುವರು. ಅವಳು ಇವರ ಮೊಣಕಾಲು ಕೇಳುವಳು. ಅವರು ಅವಳಿಗೆ ಕಾಕಾ ಆದರು, ಅವಳು ಅವರಿಗೆ ಕುಮುದವ್ವ ಆದಳು. ನೋಡುವುದಕ್ಕೆ ಚೆಂದವಾಗಿತ್ತು, ನನಗೂ ಖುಷಿಯಾಗಿತ್ತು.

ಖುಷಿ ಬಹಳ ದಿನ ಉಳಿಯಲಿಲ್ಲ. ಒಂದು ಬೆಳಿಗ್ಗೆ ನಾಗಭೂಷಣ ಫೋನು ಮಾಡಿ, ಎಲ್ಲ ಜೋಡಿಗಳ ಎಳೆತದ ಗೆರೆಯೂ ಮೇಲೆ ಹೋಗುತ್ತಿದೆ, ನಿಮ್ಮದೊಂದೇ ಕೆಳಗೆ ಇಳಿಯುತ್ತಿದೆ ಎಂದ. ನಾನೂ ನೋಡಿದ್ದೆ. ವಯಸ್ಸಾದ ಕಾಲು, ಏರಿಳಿತ ಇದ್ದದ್ದೇ ಎಂದು ನನ್ನ ಮಟ್ಟಿಗೆ ಸಮಾಧಾನ ಹೇಳಿಕೊಂಡಿದ್ದೆ. ಆದರೆ ಇಬ್ಬರ ಗೆರೆಗಳೂ ಜೊತೆಜೊತೆಗೇ ಇಳಿಯುತ್ತಿದ್ದವು, ಎರಡೂ ಒಂದೇ ಸಮನೆ. ಅವನು ಬೇರಿಂಗಿನ ಮೇಲೆ ಅನುಮಾನಪಟ್ಟ. ಬೇರಿಂಗು ಬಿಚ್ಚಿ ನೋಡಿದೆವು, ಸರಿಯಾಗಿತ್ತು. ಪಟ್ಟಿ ಹಿಗ್ಗಿರಬೇಕು ಎಂದ. ಹೊಸ ಪಟ್ಟಿ ಹಾಕಿದೆವು. ಗೆರೆ ಇಳಿಯುವುದು ನಿಲ್ಲಲಿಲ್ಲ. ಅವನು ಒಂದೊಂದೇ ಭಾಗದ ಹೆಸರು ಹೇಳುತ್ತ ಹೋದಂತೆ ನನಗೆ ತಲೆ ಕೆಟ್ಟು, ನಿಮ್ಮ ಯಂತ್ರಕ್ಕೆ ದೃಷ್ಟಿ ತೆಗೆಸುವುದೊಂದು ಬಾಕಿ ಉಳಿದಿದೆ ನೋಡಪ್ಪ ಎಂದು ಫೋನು ಇಟ್ಟೆ.

ಮತ್ತೆ ಅವನೇ ಫೋನು ಮಾಡಿದ. ಈ ಸಲ ದನಿ ತಗ್ಗಿತ್ತು.

"ಮೇಡಂ, ಕೋಪ ಮಾಡ್ಕೋಬೇಡಿ. ಕೆಂಪು ಗೆರೆ ಹತ್ತಿರ ಬಂದುಬಿಟ್ಟಿದೆ. ಇನ್ನೊಂದು ಚೂರು ಇಳಿದ್ರೆ ಕುಮುದಿನಿಯವರನ್ನ ಈ ನೌಕೆಗೆ ಹತ್ತಿಸೋದಕ್ಕೆ ಆಗೋದಿಲ್ಲ."

ಆ ಕೆಂಪು ಗೆರೆಯ ಅರ್ಥ ನನಗೆ ಗೊತ್ತಿತ್ತು. ಮರಳಿ ತರುವ ನೌಕೆ ಚಿಕ್ಕದು, ಅದು ಇಳಿಯುವುದು ಸಮುದ್ರಕ್ಕೆ. ಇಳಿದ ಮೇಲೆ ಒಳಗೆ ಹೊಗೆಯೋ ನೀರೋ ನುಗ್ಗಿದರೆ ಪ್ರತಿಯೊಬ್ಬರೂ ತಮ್ಮ ಕಾಲ ಮೇಲೆ ನಿಂತು ಏಣಿ ಹತ್ತಿ ಹೊರಬರಬೇಕು. ಹೊತ್ತು ತರುವವರು ಯಾರೂ ಇರುವುದಿಲ್ಲ. ಅಷ್ಟು ಬಲ ಕಾಲಿನಲ್ಲಿ ಇಲ್ಲದವರಿಗೆ ಸೀಟಿಲ್ಲ. ಮುಂದಿನ ನೌಕೆ ಇನ್ನೊಂದು ವರ್ಷಕ್ಕೆ. ಅಷ್ಟರಲ್ಲಿ ಕಾಲು ಮತ್ತಷ್ಟು ಸೊರಗುತ್ತದೆ, ಮೂಳೆ ಟೊಳ್ಳಾಗುತ್ತದೆ, ಆಗ ಸೀಟು ಸಿಗುವ ಮಾತು ಇನ್ನೂ ದೂರ. ಹಾಗೆ ಅಲ್ಲೇ ಉಳಿದ ಹೆಂಗಸು ಯಾವ ಕಾಲಿನ ಮೇಲೆ ಯಾವಾಗ ಮನೆಗೆ ಬಂದಾಳು? ಮಗಳು ಅವಳನ್ನು ಪರದೆಯ ಮೇಲಿನ ಮುಖವೆಂದೇ ತಿಳಿದು ಬೆಳೆದಾಳು.

ಜೋಡಿ ಬಿಡಿಸಿ ಬರೀ ಮೋಟಾರಿಗೆ ಹಾಕೋಣ, ಗೊತ್ತುಮಾಡಿದ ಬಲದಿಂದ ಅದೇ ಅವಳನ್ನು ಜಗ್ಗಲಿ ಎಂದು ನಾಗಭೂಷಣ ಹೇಳಿದ. ಚಂದ್ರನ ರಾತ್ರಿ ಎಂದರೆ ನಮ್ಮ ಎರಡು ವಾರದ ಕತ್ತಲೆ, ಆಗ ಅಲ್ಲಿ ಕರೆಂಟು ಎಂದರೆ ಬಂಗಾರ. ಅವಳೊಬ್ಬಳಿಗಾಗಿ ದೊಡ್ಡ ಮೋಟಾರು ಓಡಿಸಲು ಅಲ್ಲಿಯವರು ಒಪ್ಪುವುದೂ ಅನುಮಾನವಾಗಿತ್ತು. ಎರಡು ದಿನ ತಡೆ, ನಾನೊಮ್ಮೆ ಮೌಲಾಸಾಬರ ಮನೆಗೆ ಹೋಗಿ ಬರುತ್ತೇನೆ ಎಂದೆ. ರೋಗಿ ಕೇಂದ್ರದಲ್ಲಿ ಹೇಗೆ ನಡೆಯುತ್ತಾನೆ ಎನ್ನುವುದಕ್ಕಿಂತ ಮನೆಯಲ್ಲಿ ಬಚ್ಚಲಿಗೆ ಹೇಗೆ ಹೋಗುತ್ತಾನೆ ಎನ್ನುವುದನ್ನು ನೋಡಬೇಕು. ಇದು ನನ್ನ ಹಳೆಯ ಪದ್ಧತಿ.

ಹೊಸಯಲ್ಲಾಪುರದ ಆ ಓಣಿಗೆ ನಾನು ಹೇಳದೆ ಕೇಳದೆ ಹೋದೆ. ಮನೆಯೊಳಗೆ ಮದುವೆಯ ಗದ್ದಲ. ಮೌಲಾಸಾಬರ ತಂಗಿಯ ಮಗಳ ಮದುವೆ, ಅಡಿಗೆಯ ಪಾತ್ರೆಗಳೆಲ್ಲ ಇವರ ಅಟ್ಟದಿಂದಲೇ ಹೋಗಬೇಕಂತೆ. ಹೆಂಡತಿ ಹಜರತಬಿ ನನಗೆ ಚಹಾಕ್ಕೆ ನೀರಿಡುತ್ತ, ಇಳೀರಿ ಸಾವಕಾಶ, ಬಾಯಾರು ಬಂದಾರ, ಎಂದು ಮೇಲಕ್ಕೆ ಕೂಗಿದರು. ನಾನು ತಲೆ ಎತ್ತಿ ನೋಡಿದೆ. ಅಟ್ಟದ ಏಣಿಯಿಂದ ಮೌಲಾಸಾಬರು ಇಳಿಯುತ್ತಿದ್ದರು. ಎರಡೂ ಕೈಯಲ್ಲಿ ತಬ್ಬಿ ಹಿಡಿದ ದೊಡ್ಡ ತಾಮ್ರದ ಹಂಡೆ, ಬೆನ್ನು ಏಣಿಗೆ. ಒಳ್ಳೆಯ ಕಾಲು ಕೆಳಗಿನ ಮೆಟ್ಟಿಲಿಗೆ ಚಾಚುವಷ್ಟು ಹೊತ್ತು ಇಡೀ ಮೈಭಾರ, ಅದರ ಮೇಲೆ ಹಂಡೆಯ ಭಾರ, ಹೊಲಿಗೆ ಹಾಕಿದ ಆ ಮೊಣಕಾಲಿನ ಮೇಲೆ. ಆ ಕಾಲು ನಡುಗದೆ ತಡೆಯುತ್ತಿತ್ತು, ಬೆಣ್ಣೆಯಂತೆ ಇಳಿಸುತ್ತಿತ್ತು.

ಅವರು ಕೆಳಗಿಳಿದು ಹಂಡೆ ಇಡುವಷ್ಟರಲ್ಲಿ ನನಗೆ ಸಿಟ್ಟು ನೆತ್ತಿಗೇರಿತ್ತು. ಸಿಟ್ಟು ಏಣಿಯ ಮೇಲಲ್ಲ. ಈ ಮನುಷ್ಯನ ಕಾಲಿಗೆ ಚಕ್ರದ ಮೇಲೆ ತೋರಿಸುವುದರ ಎರಡರಷ್ಟು ತಾಕತ್ತಿದೆ ಎಂದು ಆ ಏಣಿಯೇ ಹೇಳಿತ್ತು. ಹಾಗಾದರೆ ನನ್ನ ಕೋಣೆಯಲ್ಲಿ ಇವರು ಮಾಡುತ್ತಿರುವುದು ಏನು? ಅಲ್ಲಿ ಒಬ್ಬ ಹೆಣ್ಣುಮಗಳ ಕಾಲು ಸತ್ತು ಹೋಗುತ್ತಿದೆ, ನೀವು ಇಲ್ಲಿ ಹಂಡೆ ಹೊತ್ತು ಇಳಿಯುತ್ತಿದ್ದೀರಿ ಎಂದು ಬಾಯಿಗೆ ಬಂದದ್ದೆಲ್ಲ ಅಂದೆ. ಅವರು ಮುಖ ಒರೆಸಿಕೊಂಡು ಗೋಡೆಗೆ ಒರಗಿ ನಿಂತರು.

"ಬಾಯಾರ, ಗರಡ್ಯಾಗ ಪೆಟ್ಟಾದ ಹುಡುಗನ ಕೂಡ ಕುಸ್ತಿ ಹಿಡಿಯೂ ಮುಂದ ಉಸ್ತಾದ ಪೂರಾ ತಾಕತ್ತ ಹಾಕೂದಿಲ್ಲ. ಆಂವ ಎಷ್ಟ ಕೊಡತಾನೊ, ಅದಕ್ಕ ಒಂಚೂರ ಕಡಿಮಿನ ಕೊಡಬೇಕು. ಇದು ನಮ್ಮ ರಿವಾಜು. ಆಕಿ ಅಲ್ಲೆ ಒಬ್ಬಾಕಿನ ಅದಾಳ. ಕಾಲು ಸೊರಗ್ಯಾವಂತ ಆಕಿನ ಹೇಳ್ಯಾಳ. ನಾ ಹೆಂಗ ಆಕಿನ್ನ ನೆಲಕ್ಕ ಕೆಡವಲಿ?"

ಆಗ ನನಗೆ ಲೆಕ್ಕ ಹೊಳೆಯಿತು. ಕುಮುದಿನಿ ಕೊಟ್ಟದ್ದಕ್ಕಿಂತ ಒಂದು ಚೂರು ಕಡಿಮೆ ಇವರು ಕೊಡುತ್ತಿದ್ದರು. ಇವರ ಕಡಿಮೆಯ ಜಗ್ಗು ಅವಳಿಗೆ ಮುಟ್ಟುತ್ತಿತ್ತು. ಅವಳ ಕಾಲಿಗೆ ತಡೆಯಲು ಕೆಲಸವೇ ಕಡಿಮೆ, ಆದ್ದರಿಂದ ಅವಳ ಮುಂದಿನ ಎಳೆತವೂ ಕಡಿಮೆ. ಮತ್ತೆ ಅದಕ್ಕಿಂತ ಒಂದು ಚೂರು ಕಡಿಮೆ ಇವರದು. ಬೇರಿಂಗಿನಲ್ಲಿ ಇರಲಿಲ್ಲ ದೋಷ, ಪಟ್ಟಿಯಲ್ಲೂ ಇರಲಿಲ್ಲ. ಇವರ ಕನಿಕರ ಮೆಟ್ಟಿಲು ಮೆಟ್ಟಿಲಾಗಿ ಅವಳನ್ನು ಕೆಳಗೆ ಇಳಿಸುತ್ತಿತ್ತು.

ಹಜರತಬಿ ಅಷ್ಟು ಹೊತ್ತೂ ಚಹಾ ಸೋಸುತ್ತ ಕೇಳಿಸಿಕೊಂಡಿದ್ದರು. ಆಕೆ ದನಿ ಎತ್ತುವವರಲ್ಲ, ಆದರೆ ಹೇಳಬೇಕಾದ್ದನ್ನು ಬಿಡುವವರೂ ಅಲ್ಲ.

"ಮನಿಗೆ ಬಂದ ಬೀಗರಿಗೆ ಅಜೀರ್ಣ ಆದೀತಂತ ಅರ್ಧಾ ರೊಟ್ಟಿ ನೀಡಿದಂಗಾತ ನೋಡ್ರಿ ಇವರದು. ಆ ಹುಡುಗಿ ಬಾಯಿ ಬಿಟ್ಟ ಬೇಡ್ತಾಳೇನು? ಉಪಾಸ ಕುಂತಾಳ."

ಮೌಲಾಸಾಬರು ಹೆಂಡತಿಯನ್ನು ನೋಡಿದರು, ನನ್ನನ್ನು ನೋಡಿದರು, ಕೊನೆಗೆ ತಮ್ಮ ಮೊಣಕಾಲನ್ನು ನೋಡಿಕೊಂಡರು. ಚಹಾ ಮುಟ್ಟಲಿಲ್ಲ. ಮದುವೆಯ ಪಾತ್ರೆ ಒಯ್ಯಲು ಬಂದವರು ಬಾಗಿಲಲ್ಲಿ ಕಾಯುತ್ತಿದ್ದರೂ ಅವರಿಗೆ ಖಬರೇ ಇರಲಿಲ್ಲ.

ಮರುದಿನ ಅವರು ಬರುವ ಮೊದಲೇ ನಾನು ಕುಮುದಿನಿಯನ್ನು ಪರದೆಗೆ ಕರೆದೆ. ನಿಜ ಹೇಳು, ನೀನು ಪೂರ್ತಿ ಎಳೆಯುತ್ತಿದ್ದೀಯಾ ಎಂದು ಕೇಳಿದೆ. ನನ್ನ ಮಾತು ಅಲ್ಲಿಗೆ ಹೋಗಿ ಅವಳ ಮಾತು ಇಲ್ಲಿಗೆ ಬರುವವರೆಗಿನ ಆ ಗಳಿಗೆ ನನಗೆ ಯಾವತ್ತೂ ಅಷ್ಟು ಉದ್ದ ಅನಿಸಿರಲಿಲ್ಲ. ಅವಳು ಮೊದಲು ಹೌದು ಎಂದಳು. ಆಮೇಲೆ ತಲೆ ತಗ್ಗಿಸಿದಳು.

"ಕಾಕಾನ ಮೊಣಕಾಲು ಹೊಲದ ಇಟ್ಟಾರಲ್ರಿ ಮೇಡಂ. ನಾ ಜಗ್ಗಿದ್ದಕ್ಕ ಅದು ಮತ್ತ ಹರದ್ರ? ಇಲ್ಲಿಂದ ಓಡಿ ಬರಾಕೂ ಆಗಂಗಿಲ್ಲ ನನಗ. ಅದಕ್ಕ ಸ್ವಲ್ಪ ಕೈ ಹಿಡಿದ ಜಗ್ತೀನಿ."

ಸೀಟು ಹೋಗುತ್ತದೆ ಎಂದು ಗೊತ್ತಿದ್ದೂ ಹೀಗೆ ಮಾಡಿದೆಯಾ ಎಂದು ನಾನು ಗದರಿಸಿದೆ. ಗೊತ್ತಿತ್ತು ಎಂದಳು. ಒಬ್ಬರ ಕಾಲು ಮುರಿದು ತಾನು ಮನೆಗೆ ಹೋಗುವುದು ಮನಸ್ಸಿಗೆ ಬರಲಿಲ್ಲ ಎಂದಳು. ನಾನು ಇನ್ನೇನು ಬೈಯಲಿ? ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಜೀವ, ಆ ಜೀವದಿಂದಲೇ ಇಬ್ಬರ ಕಾಲೂ ಹಾಳು. ಅತ್ತ ಕೊಚ್ಚಿಯವನೂ ರಷ್ಯಾದವನೂ ಒಬ್ಬರನ್ನೊಬ್ಬರು ನಿರ್ದಯವಾಗಿ ಕೆಡವಿ ಕೆಡವಿ ಗಟ್ಟಿಯಾಗುತ್ತಿದ್ದರು.

ಆದರೆ ಅವಳ ಅಂಜಿಕೆಯನ್ನು ತಳ್ಳಿಹಾಕುವಂತಿರಲಿಲ್ಲ. ಚಕ್ರದಲ್ಲಿ ಒಂದು ಮಿತಿ ಇರುತ್ತದೆ, ಅದಕ್ಕಿಂತ ಹೆಚ್ಚಿನ ಬಲ ಬಂದರೆ ಬ್ರೇಕು ತಾನೇ ಹಿಡಿಯುತ್ತದೆ. ಮೌಲಾಸಾಬರ ಮಿತಿಯನ್ನು ನಾನು ಬಹಳ ಕೆಳಗೆ ಇಟ್ಟಿದ್ದೆ. ಈಗ ಅದನ್ನು ಏರಿಸಬೇಕು, ಏರಿಸಿ ಏನಾದರೂ ಆದರೆ ಆ ಮನುಷ್ಯ ಜೀವನಪೂರ್ತಿ ಕೋಲು ಹಿಡಿಯಬೇಕು. ಸ್ಕ್ಯಾನ್ ಮಾಡಿಸಿದೆ. ಆಪರೇಶನ್ ಮಾಡಿದ ಡಾಕ್ಟರು ಚಿತ್ರ ನೋಡಿ ಹೊಲಿಗೆ ಒಳ್ಳೆಯದಾಗಿ ಕೂಡಿದೆ, ಮೆಲ್ಲಗೆ ಏರಿಸಿ ಎಂದರು. ಮೆಲ್ಲಗೆ ಏರಿಸಲು ನಮ್ಮಲ್ಲಿ ಹೊತ್ತೆಲ್ಲಿತ್ತು? ನೌಕೆಯ ಸೀಟಿಗಾಗಿ ಕುಮುದಿನಿಯ ಕಾಲಿನ ಕೊನೆಯ ಪರೀಕ್ಷೆ ಮುಂದಿನ ತಿಂಗಳು. ನಾನು ಮೌಲಾಸಾಬರಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಅಪಾಯ ಇದೆ, ಬೇಡ ಎಂದರೆ ಯಾರೂ ಏನೂ ಅನ್ನುವುದಿಲ್ಲ ಎಂದೆ. ಅವರು ಹೆಂಡತಿಯ ಕಡೆ ತಿರುಗಿದರು. ಹಜರತಬಿ ಸೆರಗಿನಿಂದ ಕಣ್ಣೊರೆಸಿಕೊಂಡು, ಕೋಲು ಬಂದರೆ ಹಿಡಿಯಲು ನಾನಿದ್ದೇನೆ ಎಂದರು.

ಅಂದು ಪರದೆಯ ಮುಂದೆ ನಿಂತು ಅವರು ಮಾತಾಡಿದ ರೀತಿ ನನಗೆ ಇನ್ನೂ ಕಿವಿಯಲ್ಲಿದೆ.

"ಯವ್ವಾ ಕುಮುದವ್ವ, ಇಷ್ಟ ದಿನಾ ನಾ ನಿನಗ ಮೋಸ ಮಾಡೀನಿ. ಪೂರಾ ಕೊಟ್ಟಿಲ್ಲ."

ಗಳಿಗೆ ಕಳೆದು ಅವಳ ದನಿ ಬಂತು.

"ನಾನೂ ಮಾಡೀನಿ ಕಾಕಾ."

ಆಮೇಲೆ ಮೌಲಾಸಾಬರು ಅವಳಿಗೆ ತಮ್ಮ ಗರಡಿಯ ಇನ್ನೊಂದು ರಿವಾಜು ಹೇಳಿದರು. ಹುಡುಗ ದೊಡ್ಡ ಕುಸ್ತಿಗೆ ಹೋಗುವುದು ನಿಶ್ಚಯವಾದ ಮೇಲೆ ಉಸ್ತಾದ ಅವನ ಮೇಲೆ ಕರುಣೆ ತೋರಿಸುವುದಿಲ್ಲವಂತೆ. ತನ್ನಲ್ಲಿರುವುದನ್ನೆಲ್ಲ ಹಾಕಿ ಹಿಡಿಯುತ್ತಾನಂತೆ. ಹಾಗೆ ಹಿಡಿಸಿಕೊಂಡವನಿಗೆ ಗರಡಿಯಲ್ಲಿ ಮರ್ಯಾದೆ ಬೇರೆ. ನಿನ್ನ ಕುಸ್ತಿ ಈಗ ನಿಶ್ಚಯವಾಗಿದೆ, ಅದಕ್ಕೆ ಇವತ್ತಿನಿಂದ ನನ್ನಿಂದ ದಯೆ ಇಲ್ಲ, ನಿನ್ನಿಂದಲೂ ನನಗೆ ಬೇಡ ಎಂದು ಹೇಳಿ ಅವರು ಬೆಲ್ಟು ಬಿಗಿದರು.

ಅವರು ಎದ್ದರು. ಹಾಗೆ ಎದ್ದದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ. ಪಟ್ಟಿ ಸುಂಯ್ ಎಂದು ಬಿಚ್ಚಿತು, ಚಕ್ರದ ದನಿಯೇ ಬೇರೆಯಾಯಿತು. ಆ ಎಳೆತ ಚಂದ್ರನಿಗೆ ಹೊರಟಿತು. ಅಲ್ಲಿ ಆಗ ತಾನೆ ಎದ್ದು ನಿಂತಿದ್ದ ಕುಮುದಿನಿ ಪರದೆಯಿಂದ ಮಾಯವಾದಳು. ಬರೀ ಗೋಡೆ ಕಾಣುತ್ತಿತ್ತು. ಪಟ್ಟಿ ಅವಳನ್ನು ಹಲಗೆಗೆ ಕೆಡವಿಬಿಟ್ಟಿತ್ತು. ನಾನು ಬ್ರೇಕಿನ ಗುಂಡಿಯ ಮೇಲೆ ಕೈ ಇಟ್ಟೆ. ಮೌಲಾಸಾಬರು ಪರದೆಯ ಕಡೆ ಬಗ್ಗಿ ಅವಳ ಹೆಸರು ಕೂಗಿದರು.

ಆಮೇಲೆ ಪರದೆಯ ಅಂಚಿನ ಕೆಳಗಿನಿಂದ ನಗು ಕೇಳಿಸಿತು. ಕುಮುದಿನಿ ಹಲಗೆಯ ಮೇಲೆ ಕುಳಿತೇ ನಗುತ್ತಿದ್ದಳು, ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು. ಚಂದ್ರನಿಗೆ ಬಂದ ಮೇಲೆ ಇವತ್ತೇ ಮೊದಲ ಸಲ ನನ್ನ ಮೈಗೆ ಭಾರ ಇದೆ ಅನ್ನಿಸಿತು ಎಂದಳು. ತಡೀರಿ ಕಾಕಾ, ಈಗ ನನ್ನ ಪಾಳಿ, ಎಂದು ಎದ್ದಳು. ಅವಳು ಕೊಟ್ಟ ಜಗ್ಗಿಗೆ ಮೌಲಾಸಾಬರು ಸರ್ರನೆ ಇಳಿದು ನೆಲಕ್ಕೆ ಒಂದು ಗೇಣು ಮೇಲೆ ತಡೆದು ನಿಂತರು. ಹೊಲಿದ ಕಾಲಿನ ತೊಡೆ ಥರಥರ ನಡುಗುತ್ತಿತ್ತು, ಆದರೆ ತಡೆದಿತ್ತು. ಶಾಬಾಸ್ ಮಗಳ, ಎಂದರು. ನಾನು ನನ್ನ ನಿಯಮ ಮುರಿದು ಅಂದು ಮಾತಾಡಲು ಬಿಟ್ಟೆ.

ಆ ತಿಂಗಳಿಡೀ ನಮ್ಮ ಕೋಣೆ ಗರಡಿಯೇ ಆಯಿತು. ಮೌಲಾಸಾಬರು ಮನೆಯಿಂದ ಎಣ್ಣೆ ತಂದು ತೊಡೆ ತಿಕ್ಕಿಕೊಂಡು ಬರುವರು, ಹಜರತಬಿ ಅವರಿಗೂ ನನಗೂ ಬಾದಾಮಿ ಅರೆದ ಹಾಲು ಕಳಿಸುವರು. ಆಚೆ ತುದಿಯ ಹುಡುಗಿಗೆ ಕುಡಿಸಲು ದಾರಿ ಇಲ್ಲವಲ್ಲ ಎಂದು ಪ್ರತಿ ಸಲ ಪೇಚಾಡುವರು. ಒಂದು ದಿನ ಮೌಲಾಸಾಬರಿಗೆ ಮೊಣಕಾಲು ಊದಿ ನಾನು ಎರಡು ದಿನ ರಜೆ ಕೊಟ್ಟೆ. ಅವರು ಬೇಸರಪಟ್ಟು ಮಾತು ಬಿಟ್ಟರು. ಆ ಎರಡು ದಿನದ ಮಟ್ಟಿಗೆ, ಬಲ ಸರಿಹೊಂದದಿದ್ದರೂ, ಅವರ ಜಾಗದಲ್ಲಿ ನಮ್ಮ ಕಬಡ್ಡಿಯ ಹುಡುಗಿಯೊಬ್ಬಳನ್ನು ನಿಲ್ಲಿಸಿದೆ. ಜಗ್ಗು ಬಂದ ಕೂಡಲೇ ಇವರು ಕಾಕಾ ಅಲ್ಲ ಎಂದು ಕುಮುದಿನಿ ಹೇಳಿಬಿಟ್ಟಳು.

ಪರೀಕ್ಷೆಯ ದಿನ ನಾನು ನಿಯಂತ್ರಣ ಕೇಂದ್ರಕ್ಕೇ ಹೋದೆ. ಮೌಲಾಸಾಬರು ಧಾರವಾಡದಲ್ಲಿ ಪರದೆಯ ಮುಂದೆ ಕುಳಿತಿದ್ದರು, ಅಂದು ಅವರು ಎಳೆಯುವಂತಿರಲಿಲ್ಲ. ಕುಮುದಿನಿ ಒಬ್ಬಳೇ ಅಳತೆಯ ಚಕ್ರದ ಮೇಲೆ ನಿಲ್ಲಬೇಕಿತ್ತು. ಎದ್ದಳು, ತಡೆದಳು, ಮತ್ತೆ ಎದ್ದಳು. ನಾಗಭೂಷಣನ ಮುಂದಿನ ಪರದೆಯ ಮೇಲೆ ಹಸಿರು ಚುಕ್ಕೆ ಏರಿ, ಕೆಂಪು ಗೆರೆಯ ಹತ್ತಿರ ತಡವರಿಸಿ, ಅದನ್ನು ದಾಟಿ ನಿಂತಿತು. ಬಹಳ ಮೇಲೇನಲ್ಲ, ಆದರೆ ದಾಟಿತ್ತು. ನಾಗಭೂಷಣ ಕುರ್ಚಿ ಹಿಂದೆ ತಳ್ಳಿ ಎದ್ದು ನನ್ನ ಕೈ ಕುಲುಕಿದ. ಬೇರಿಂಗು ಬೇರಿಂಗು ಎಂದು ತಲೆ ತಿಂದದ್ದಕ್ಕೆ ಕ್ಷಮಿಸಿ ಎಂದ. ನಿನ್ನ ಯಂತ್ರ ಇರದಿದ್ದರೆ ಇವರಿಬ್ಬರೂ ಒಬ್ಬರಿಗೊಬ್ಬರು ಸಿಗುತ್ತಲೇ ಇರಲಿಲ್ಲ ಕಣಪ್ಪ ಎಂದೆ. ಆ ಹುಡುಗನಿಗೆ ನಾನು ಅದುವರೆಗೆ ಹೇಳಿದ ಒಳ್ಳೆಯ ಮಾತು ಅದೊಂದೇ ಇರಬೇಕು, ಅವನು ಮುಖ ತಿರುಗಿಸಿಕೊಂಡ.

ನೌಕೆ ಸಮುದ್ರಕ್ಕೆ ಇಳಿದದ್ದನ್ನು ನಾವೆಲ್ಲ ಹೊಸಯಲ್ಲಾಪುರದ ಮನೆಯ ಟೀವಿಯಲ್ಲಿ ನೋಡಿದೆವು. ಬೆಂಕಿಯೂ ಬರಲಿಲ್ಲ, ನೀರೂ ನುಗ್ಗಲಿಲ್ಲ, ದೇವರು ದೊಡ್ಡವನು. ಬಾಗಿಲು ತೆರೆಯಿತು. ಒಬ್ಬೊಬ್ಬರೇ ಹೊರಬಂದರು. 'ನೆಲ ಮುಟ್ಟಿಸುವ' ರಷ್ಯಾದವನನ್ನೂ ಇಬ್ಬರು ಹಿಡಿದುಕೊಂಡಿದ್ದರು. ಆಮೇಲೆ ಕುಮುದಿನಿ ಅಂಚು ಹಿಡಿದು ಏಣಿ ಹತ್ತಿ ಬಂದು ನಿಂತಳು. ಹಡಗಿನ ಜನ ಕೈ ಚಾಚಿದರು. ಅವಳು ಒಂದು ಕ್ಷಣ ಯಾರ ಕೈಯನ್ನೂ ಹಿಡಿಯದೆ ತನ್ನ ಕಾಲ ಮೇಲೇ ನಿಂತಳು, ತೂರಾಡಿದಳು, ಮತ್ತೆ ನಿಂತಳು. ಹಜರತಬಿ ಗೊಳೋ ಎಂದು ಅತ್ತುಬಿಟ್ಟರು. ಮೌಲಾಸಾಬರು ಕುರ್ಚಿಯಿಂದ ಇಳಿದು, ನಮಾಜಿಗೆ ಇಳಿಯುವಂತೆ ಮೊಣಕಾಲೂರಿ ಹಣೆಯನ್ನು ನೆಲಕ್ಕೆ ಹಚ್ಚಿದರು. ಹಾಗೆ ನೆಲಕ್ಕೆ ಇಳಿಯಲು ಅವರ ಮೊಣಕಾಲಿಗೆ ಈಗ ಆಗುತ್ತಿದೆ ಎನ್ನುವುದು ನನಗೂ ಆ ಹೊತ್ತಿನಲ್ಲಿ ಹೊಳೆಯಲಿಲ್ಲ. ಏಳುವಾಗ ಮಾತ್ರ ಮಂಚದ ಕಾಲು ಹಿಡಿದರು.

ಜೋಡಿ ಮುಗಿಯಿತು. ಅವರು ವಾರಕ್ಕೊಮ್ಮೆ ಬಂದು ಒಂಟಿ ಚಕ್ರದ ಮೇಲೆ ಬಸ್ಕಿ ತೆಗೆಯುತ್ತಿದ್ದರು. ಹೇಗಿದೆ ಎಂದು ಕೇಳಿದರೆ, ನಂದ ನನಗ ವಾಪಸ್ ಬರತೈತ್ರಿ, ರುಚಿ ಇಲ್ಲ, ಎನ್ನುತ್ತಿದ್ದರು.

ಕುಮುದಿನಿಗೆ ಭೂಮಿಯ ಭಾರ ಒಗ್ಗಿ, ಡಾಕ್ಟರರು ಬಿಟ್ಟು ಕೊಡಲು ತಿಂಗಳುಗಳೇ ಹಿಡಿದವು. ಆಮೇಲೆ ಒಂದು ಮಧ್ಯಾಹ್ನ ಮಗಳ ಕೈ ಹಿಡಿದುಕೊಂಡು ಹೊಸಯಲ್ಲಾಪುರದ ಓಣಿಗೆ ಬಂದಳು. ಪರದೆಯಲ್ಲಿ ಊದಿದ್ದ ಮುಖ ಇಳಿದು ಬೇರೆಯೇ ಕಾಣುತ್ತಿದ್ದಳು. ಅವರಿಬ್ಬರೂ ಎದುರಾಬದುರಾಗಿ ನಿಂತದ್ದು ಅದೇ ಮೊದಲು. ಕಾಲು ಮುಟ್ಟಲು ಬಗ್ಗಿದವಳನ್ನು ಮೌಲಾಸಾಬರು ಬಿಡಲಿಲ್ಲ. ಹೇಗೆ ಧನ್ಯವಾದ ಹೇಳಲಿ ಕಾಕಾ ಎಂದು ಅವಳು ಶುರುಮಾಡಿದಳು. ನನ್ನ ಕಾಲು ನೀನು ಕಟ್ಟಿದ್ದೀಯವ್ವ, ನಾನು ಯಾರಿಗೆ ಹೇಳಲಿ ಎಂದು ಅವರು ಮಾತು ಮುಗಿಸಿದರು. ನನಗೂ ಇಬ್ಬರಿಗೂ ಹೇಳುವುದಿತ್ತು. ಇಷ್ಟು ವರ್ಷ ಈ ಕೆಲಸ ಮಾಡಿದ್ದು ಸಾರ್ಥಕ ಎಂದು ನನಗೆ ಅನ್ನಿಸಿದ್ದು ಆ ಅಂಗಳದಲ್ಲಿ. ಹೇಳಿಯೂ ಬಿಟ್ಟೆ. ಬಾಯಾರಿಗೆ ಇಷ್ಟು ಮೆತ್ತಗೆ ಮಾತಾಡಲು ಬರುತ್ತದೆಯೇ ಎಂದು ಹಜರತಬಿ ನಕ್ಕರು.

ನೆಲದ ಮೇಲೆ ಚಾಪೆ ಹಾಸಿ ಎಲ್ಲರಿಗೂ ಊಟ. ಮೌಲಾಸಾಬರೂ ಚಕ್ಕಳಮಕ್ಕಳ ಹಾಕಿ ನಮ್ಮ ಸಾಲಿನಲ್ಲೇ ಕುಳಿತರು. ಹಜರತಬಿ ಕುಮುದಿನಿಯ ತಾಟಿಗೆ ಬೇಡ ಬೇಡವೆಂದರೂ ಬಡಿಸಿದರು. ಊಟ ಮುಗಿದು ಏಳುವ ಹೊತ್ತಿಗೆ ಕುಮುದಿನಿ ಮೊದಲು ಎದ್ದು ಕೈ ತೊಳೆದು ಬಂದು ಅವರ ಮುಂದೆ ಕೈ ಚಾಚಿದಳು.

ಇಂಥ ಕೈಗಳನ್ನು ನಾನು ದಿನವೂ ನೋಡುತ್ತೇನೆ. ರೋಗಿಗಳು ಕೈ ಹಿಡಿದಂತೆ ಮಾಡುತ್ತಾರೆ, ಹಿಡಿದವರಿಗೆ ತೊಂದರೆಯಾಗಬಾರದೆಂದು ತಾವೇ ತಿಣುಕಿ ಏಳುತ್ತಾರೆ. ಮೌಲಾಸಾಬರಂತೂ ಹೆಂಡತಿಯ ಕೈಯನ್ನೂ ಹಾಗೆಯೇ ಬೆರಳ ತುದಿಯಲ್ಲಿ ಮುಟ್ಟುವವರು. ಅಂದು ಅವರು ಕುಮುದಿನಿಯ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದರು, ಆ ಪೈಲ್ವಾನ ದೇಹದ ಪೂರ್ತಿ ಭಾರವನ್ನು ಅವಳ ಮೇಲೆ ಬಿಟ್ಟರು. ಅವಳ ಹಿಮ್ಮಡಿ ನೆಲಕ್ಕೆ ಒತ್ತಿತು, ಮೊಣಕಾಲು ಒಂದಿಷ್ಟು ಬಗ್ಗಿ ತಡೆಯಿತು, ಅವರು ಎದ್ದು ನಿಂತರು.

"ಭಾರ ಆತೇನವ್ವ?" ಎಂದು ಕೇಳಿದರು.

"ಆತು ಕಾಕಾ," ಎಂದಳು ಕುಮುದಿನಿ. ಅವಳು ಕೈ ಇನ್ನೂ ಬಿಟ್ಟಿರಲಿಲ್ಲ.